ಜೀವ ಹೋದ ದಿನದ ಕಾಯ್ದೆ

ಮಹಾಗಾಂವ, ತಾ. ಗಡಹಿಂಗ್ಲಜ
೨೩ ನವೆಂಬರ್ ೧೯೫೯

ಪ್ರೀತಿಯ ಬಾಳಕ್ಕಾ,

ಬಾಣಂತಿ ಮೈ ಹೇಗಿದೆ? ಕೂಸು ಹಾಲು ಕುಡಿಯುತ್ತದೆಯೇ? ಭಾವನವರ ಮಗ್ಗದ ಕೆಲಸ ಹೋಯಿತೆಂದು ಕೇಳಿದೆ. ಇಚಲಕರಂಜಿಯಲ್ಲಿ ಬೇರೆಲ್ಲಾದರೂ ಸಿಕ್ಕಿತೇ? ಶಾಲೆ ಬಿಟ್ಟವನ ಅಕ್ಷರ, ತಾಳ್ಮೆಯಿಂದ ಓದು.

ಶನಿವಾರ ಗಡಹಿಂಗ್ಲಜದ ಕೋರ್ಟಿನಲ್ಲಿ, ಸಾತಪ್ಪಣ್ಣನ ಮೇಲೆ ನೀನು ಹಾಕಿದ ದಾವೆ ಬಿದ್ದುಹೋಯಿತು. ಅಪ್ಪ ಕೊಂಡ ನಾಲ್ಕು ಎಕರೆಯಲ್ಲಿ ನಿನಗೆ ಪಾಲಿಲ್ಲ. ಇದು ನನ್ನ ಸಾಕ್ಷಿಯಿಂದ ಆದದ್ದು. ಬೇರೆಯವರು ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಹೆಣ್ಣುಮಕ್ಕಳಿಗೂ ಪಾಲು ಕೊಡುವ ಹೊಸ ಕಾಯ್ದೆ ಬಂದದ್ದು ೧೯೫೬ರ ಜೂನ್ ಹದಿನೇಳಕ್ಕೆ. ಪೊಲೀಸ್ ಪಾಟೀಲರ ದಫ್ತರದಲ್ಲಿ ಬರೆದಿರುವಂತೆ ಅಪ್ಪ ಸತ್ತದ್ದೂ ಹದಿನೇಳಕ್ಕೇ, ನಿನ್ನ ಮದುವೆಯ ದಿನ. ಆದರೆ ಅಕ್ಕಾ, ಅಪ್ಪ ಹೋದದ್ದು ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೆ. ನೀವೆಲ್ಲ ಮದುವೆಗೆ ಇಚಲಕರಂಜಿಯಲ್ಲಿದ್ದಿರಿ. ಹಾಸಿಗೆ ಹಿಡಿದ ಅಪ್ಪನ ಹತ್ತಿರ ಇದ್ದವರು ನಾನು ಮತ್ತು ಅನ್ನವ್ವತ್ತೆ. "ಸುದ್ದಿ ಹೋದ್ರ ಮದಿವಿ ನಿಲ್ಲತೈತಿ. ಅರಿಷಿಣ ಹತ್ತಿದ ಹುಡುಗಿ ಮನ್ಯಾಗ ಕುಂತ್ರ ಮತ್ತ ಯಾರ ಮಾಡ್ಕೋತಾರ? ಅಕ್ಷತಿ ಬೀಳೂತನಕ ಬಾಯಿ ಬಿಚ್ಚಬ್ಯಾಡ" ಎಂದು ಅತ್ತೆ ಬಾಗಿಲು ಹಾಕಿದಳು. ಮರುದಿನ ಮಧ್ಯಾಹ್ನದವರೆಗೆ ಅಳು ಸಹ ತಡೆದುಕೊಂಡಳು. ಊರಿನ ಪಾಲಿಗೆ ಅಪ್ಪ ಸತ್ತದ್ದು ಆಕೆ ಅತ್ತಾಗ.

ಹೋದ ವರ್ಷ ಅತ್ತೆಯೂ ಹೋದ ಮೇಲೆ ಇದು ನನಗೊಬ್ಬನಿಗೇ ಗೊತ್ತಿತ್ತು, ಸಾತಪ್ಪಣ್ಣನಿಗೂ ಗೊತ್ತಿರಲಿಲ್ಲ. ನಿನ್ನ ವಕೀಲರು ನಂಬಿಕೆಯಿಂದ ನನ್ನನ್ನು ಕಟಕಟೆಗೆ ಕರೆದು, ಅಪ್ಪ ತೀರಿದ್ದು ಯಾವತ್ತು ಎಂದು ಕೇಳಿದರು. ಹದಿನಾರಕ್ಕೆ ಎಂದೆ. "ತಮ್ಮಾ, ನೀ ಆಗ ಸಣ್ಣಾವ, ಛಲೋತ್ನ್ಯಾಗಿ ನೆನಪ ಮಾಡ್ಕೋ" ಎಂದರು. "ಅಪ್ಪನ ಕಣ್ಣು ಮುಚ್ಚಿದಾಂವ ನಾನರಿ" ಎಂದೆ. ಆ ಒಂದು ದಿನದ ಬೆಲೆ ಗೊತ್ತಿರಲಿಲ್ಲವೆಂದರೆ ಸುಳ್ಳಾದೀತು. ಗೊತ್ತಿತ್ತು.

ಈಗ ನಡೆಯುತ್ತಿರುವುದು ಹೊಸ ಕಾಯ್ದೆಯಲ್ಲವೇ ಎಂದು ವಕೀಲರು ಭಾಳ ವಾದಿಸಿದರು. ದಾವೆ ಹಾಕಿದ ದಿನದ ಕಾಯ್ದೆಯಲ್ಲ, ಜೀವ ಹೋದ ದಿನದ ಕಾಯ್ದೆಯೇ ನಡೆಯಬೇಕು ಎಂದರು ನ್ಯಾಯಾಧೀಶರು. ಹೊರಗೆ ಅಣ್ಣ ನನ್ನ ಬೆನ್ನು ತಟ್ಟಿದ. ಶಾಲೆ ಬಿಟ್ಟ ಮೇಲೆ ಇದೇ ಮೊದಲು. ನನಗೆ ಅಳು ಬಂತು. ನಿನ್ನ ತಲೆಯ ಮೇಲೆ ಅಕ್ಷತೆ ಬಿದ್ದಾಗ ಅಪ್ಪ ಇರಲಿಲ್ಲ ಎಂಬುದನ್ನೂ ಹೀಗೆ ತಿಳಿಸಬೇಕಾಯಿತು.

ಭಾವನವರಿಗೆ ಶರಣು, ಕೂಸಿಗೊಂದು ಮುತ್ತು. ಬೈದಾದರೂ ಬರೆ.

ನಿನ್ನ ತಮ್ಮ,
ರಾಮಲಿಂಗ

ತಾ.ಕ.: ನನ್ನ ಎರಡು ಎಕರೆ ನಿನಗೆ ಬರೆದುಕೊಡುತ್ತೇನೆಂದರೆ, ಹದಿನೆಂಟು ತುಂಬುವವರೆಗೆ ನನ್ನ ಸಹಿ ನಡೆಯದಂತೆ. ತುಂಬುವುದು ಯುಗಾದಿಗೆ. ಅಣ್ಣ ನನ್ನ ಪಾಲಕನಾಗಿ ನಾಲ್ಕೂ ಎಕರೆ ಮಾರಲು ದತ್ತವಾಡದ ಗಿರಾಕಿಯನ್ನು ಹುಡುಕಿದ್ದಾನೆ, ಗುರುವಾರ ಬರುತ್ತಾರೆ. ಇದನ್ನು ತಡೆಯುವ ಕಾಯ್ದೆ ಯಾವುದೆಂದು ನಿನ್ನ ವಕೀಲರನ್ನು ಬೇಗ ಕೇಳು. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ.