ನನ್ನ ಪಾಲಿನ ತೆನೆ

ಗುರುವಾಯನಕೆರೆ
೯ ಸೆಪ್ಟೆಂಬರ್ ೨೦೨೫

ದೂರದಲ್ಲಿದ್ದೂ ಈ ಮನೆಯಲ್ಲಿ ನನಗಿಂತ ಹೆಚ್ಚು ಜಾಗ ಹಿಡಿದಿರುವ ಜೆನ್ನಿ ಅಕ್ಕನಿಗೆ,

ಲಕೋಟೆಯೊಳಗೆ ಒಂದು ತೆನೆ ಉಂಟು, ಮೆಲ್ಲ ಬಿಚ್ಚು. ಜಾರ್ಖಂಡಿಗೆ ಬತ್ತ ಕಳಿಸುವವರೂ ಇದ್ದಾರಾ ಎಂದು ನಿನ್ನ ಕಾನ್ವೆಂಟಿನಲ್ಲಿ ನಗಬಹುದು. ನಗಲಿ. ಇದು ನಿನ್ನೆ ತೆನೆಹಬ್ಬದಲ್ಲಿ ನಮ್ಮ ಚರ್ಚಿನಲ್ಲಿ ಆಶೀರ್ವದಿಸಿ, ಮನೆಯ ಒಬ್ಬೊಬ್ಬರಿಗೆ ಒಂದೊಂದರಂತೆ ಕೊಟ್ಟದ್ದು.

ಗೋಳು ಅಲ್ಲಿಂದಲೇ ಶುರು. ನಮ್ಮ ವಾಳೆಯ ಮನೆಗಳ ಲೆಕ್ಕ ಇಡುವ ಗುರಿಕಾರ ಲಿಗೋರಿಯವರು ಈ ಸಲ ಅಮ್ಮನ ಕೈಗೆ ಎರಡೇ ತೆನೆ ಕೊಟ್ಟರು. ಮೂರಲ್ಲವಾ ಎಂದು ಅಮ್ಮ ಕೇಳಿದಳು. "ಜೆನ್ನಿ ಸಿಸ್ಟರ್ ಆಗಿ ನಿತ್ಯವ್ರತ ತೆಗೊಂಡಾಯ್ತಲ್ಲ ಬಾಯಿ, ಇನ್ನು ಅವಳು ದೇವರ ಮನೆಯ ಲೆಕ್ಕಕ್ಕೆ" ಎಂದು ಅವರು ಮುಂದಿನವರ ಕಡೆ ತಿರುಗಿದರು. ಅಮ್ಮನ ಮುಖ ಸಣ್ಣದಾಯಿತು. ನನಗೆ ಮಾತ್ರ, ನಿಜ ಹೇಳಬೇಕೆಂದರೆ, ಹೊಟ್ಟೆಯೊಳಗೆ ತಂಪಾಯಿತು. ಕೊನೆಗೂ ಈ ಮನೆಯಲ್ಲಿ ಇರುವವರು ಅಮ್ಮ ಮತ್ತು ನಾನು ಎಂದು ಯಾರೋ ಒಪ್ಪಿದರಲ್ಲ!

ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅಮ್ಮ, "ನನ್ನ ದೊಡ್ಡವಳು ಲೋಕವನ್ನೇ ಬಿಟ್ಟು ಹೋದಳು" ಎಂದು ಹೇಳುತ್ತಾಳೆ. ನಿನ್ನ ಫೋಟೋ ದೇವರ ಅಲ್ತಾರಿನ ಪಕ್ಕ ಉಂಟು. ಮೂಡುಬಿದಿರೆಯಲ್ಲಿ ನಾನು ಪದವಿ ತೆಗೆದುಕೊಂಡ ಫೋಟೋ ಇನ್ನೂ ಸ್ಟುಡಿಯೋದ ಕವರಿನಲ್ಲೇ ಉಂಟು. ಇಷ್ಟೇ ವಿಷಯ.

ಹೋದ ಆದಿತ್ಯವಾರ ಬಿ.ಸಿ.ರೋಡಿಗೆ ಹೋಗಿದ್ದೆವು, ನನಗೆ ಬಂದ ಸಂಬಂಧ ನೋಡಲು. ಹುಡುಗ ಮೆಲ್ರಾಯ್, ಟೈಲ್ಸ್ ವ್ಯಾಪಾರ. ಅವನ ಸೋದರತ್ತೆ ಕೋಣೆ ಕೋಣೆ ತೋರಿಸಿ, "ನಮ್ಮಲ್ಲಿ ಅಡುಗೆಮನೆಗೂ ಎಸಿ ಉಂಟು ಮಾರಾಯ್ತಿ, ಸೊಸೆ ಬೆವರ್ಲಿಕ್ಕೇ ಇಲ್ಲ" ಎಂದರು. ಏನು ಓದಿದ್ದು ಎಂದು ಅವನು ಕೇಳಿದ. ಕನ್ನಡ ಸಾಹಿತ್ಯ ಎಂದೆ. "ಪರವಾಗಿಲ್ಲ" ಎಂದು ಸಮಾಧಾನ ಹೇಳಿದ. ಕೆಟ್ಟವನಲ್ಲ ಪಾಪ. ಆದರೆ ಅವರ ಅಲ್ತಾರಿನ ಮೇಲೆ ಕಾರಿನ ಕೀಗಳೂ ಟೈಲ್ಸಿನ ಸ್ಯಾಂಪಲ್ಲುಗಳೂ ತುಂಬಿ, ಮೊಂಬತ್ತಿ ಇಡಲು ಜಾಗ ಇರಲಿಲ್ಲ. ಅಮ್ಮ ಅದನ್ನು ನೋಡಲಿಲ್ಲ. ಬಿಳಿ ಮಾರ್ಬಲ್ಲಿನಲ್ಲಿ ಕಲೆ ಕೂರುತ್ತದಾ ಎಂದು ವಿಚಾರಿಸುತ್ತಿದ್ದಳು.

ಅದೇ ವಾರ ವೇಣೂರಿನ ಕನ್ನಡ ಶಾಲೆಯ ಅನಂತಮತಿ ಟೀಚರ್ ನನ್ನನ್ನು ಕರೆದಿದ್ದರು. ಅಲ್ಲಿ ಕನ್ನಡ ಕಲಿಸುವವರು ಯಾರೂ ಇಲ್ಲ. ಒಂದು ದಿನ ಸುಮ್ಮನೆ ಪಾಠ ಮಾಡಿ ಬಂದೆ. ಬಾಯಿ ಬಾರದ ನಾನು, ಮಾತಾಡಿದೆ ಅಕ್ಕ! ಅಮ್ಮನಿಗೆ ಹೇಳಿದರೆ, "ಆ ಸಂಬಳ ನಿನ್ನ ಬಸ್ಸಿಗೆ ಸಾಕಾಗ್ಲಿಕ್ಕಿಲ್ಲ" ಎಂದಳು. ನೀನು ಲೋಕ ಬಿಟ್ಟರೆ ಪುಣ್ಯ, ನಾನು ಒಂದು ಎಸಿ ಅಡುಗೆಮನೆ ಬಿಟ್ಟರೆ ಅಹಂಕಾರ. ಬೇಡ ಎನ್ನಲು ನಿನಗೆ ದೇವರಿದ್ದ. ನನಗೆ ಯಾರಿದ್ದಾರೆ? ಅವನೇ ಇದ್ದಾನೆ ಎನ್ನಲೂ ಸಂಕೋಚ. ಇಷ್ಟು ವರ್ಷ ಅವನನ್ನೂ ನಿನ್ನ ಪಾಲಿಗೇ ಬಿಟ್ಟುಕೊಟ್ಟಿದ್ದೆ.

ನಿನ್ನೆ ಅಡುಗೆಮನೆಯಲ್ಲಿ ತೆನೆಯ ಕಾಳು ಸುಲಿಯಲು ಕೂತಾಗ ಅಮ್ಮ, "ಪ್ರೆಸ್ಸಿ, ನಿನ್ನದನ್ನು ಜೆನ್ನಿಗೆ ಕಳಿಸುವ. ನೀನು ಹೇಗೂ ಮನೆಯಲ್ಲೇ ಇದ್ದಿಯಲ್ಲ" ಎಂದಳು.

ಕೊಡುವುದಿಲ್ಲ ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಇದು ನನ್ನದು, ಬಿ.ಸಿ.ರೋಡಿನವರಿಗೂ ಬೇಡ ಎಂದು ಹೇಳು, ನಾನು ಶಾಲೆಗೆ ಹೋಗುತ್ತೇನೆ ಎಂದೆ. ಒಂದು 'ಇಲ್ಲ' ಹೊರಗೆ ಬಂದದ್ದೇ, ಇಷ್ಟು ವರ್ಷ ಒಳಗೆ ಕೂತಿದ್ದವೆಲ್ಲ ಅದರ ಹಿಂದೆಯೇ ಹೊರಟವು.

ಅಮ್ಮ ಕೈಯಲ್ಲಿದ್ದ ತನ್ನ ತೆನೆಯನ್ನು ಕೆಳಗಿಟ್ಟಳು. ಆಮೇಲೆ, "ಎಸಿ ಇದ್ದದ್ದಕ್ಕಾ?" ಎಂದಳು. ಆ ಅಲ್ತಾರಿನಲ್ಲಿ ಮೊಂಬತ್ತಿಗೆ ಜಾಗ ಇರಲಿಲ್ಲ, ನೀನು ನೋಡಲಿಲ್ಲ ಎಂದೆ. "ನಿನಗೂ ಅಕ್ಕನ ಕಾಯಿಲೆ ಹಿಡಿಯಿತಾ!" ಎಂದು ಬೈದು, ತನ್ನ ತೆನೆಯನ್ನು ಲಕೋಟೆಗೆ ಹಾಕಿದಳು. ನಿನಗೆ ಬಂದಿರುವುದು ಅದು. ನನ್ನ ತೆನೆಯ ಕಾಳನ್ನು ಅರೆದು, ತೆಂಗಿನ ಹಾಲಿಗೆ ಹಾಕಿ ನಾವಿಬ್ಬರೂ ಕುಡಿದೆವು. ಪ್ರತಿ ವರ್ಷ ಮೊದಲ ಚಮಚ ನಿನ್ನ ಹೆಸರಿಗೆ. ಈ ಸಲ ನನ್ನ ಬಾಯಿಗೆ.

ಸೋಮವಾರದಿಂದ ವೇಣೂರಿನ ಬಸ್ಸು. ಅಮ್ಮನ ಮುಖ ಇನ್ನೂ ದಪ್ಪ ಉಂಟು, ಆದರೂ ಅಟ್ಟದಿಂದ ನಿನ್ನ ಬುತ್ತಿ ಡಬ್ಬಿ ಇಳಿಸಿ ತೊಳೆದಿಟ್ಟಿದ್ದಾಳೆ. ನನಗೆ ಹೊಸದೇ ಬೇಕು ಎಂದಿದ್ದೇನೆ.

ನಿನ್ನ ಪ್ರಾರ್ಥನೆಯಲ್ಲಿ ನನ್ನನ್ನು ಸೇರಿಸು. ಅಮ್ಮನ ನಂತರ ಅಲ್ಲ, ಮೊದಲೇ.

ಇಲ್ಲೇ ಇರುವ,
ಪ್ರೆಸ್ಸಿ

ಮರೆತದ್ದು: ತೆನೆಯಲ್ಲಿ ಒಂದು ಬದಿಯ ಕಾಳು ಕಡಿಮೆ ಉಂಟು. ಅಂಚೆಯಲ್ಲಿ ಉದುರಿದ್ದಲ್ಲ. ಈಗ ಲಕೋಟೆ ಅಂಟಿಸಲು ಹೊರಟಾಗ ನಾನೇ ತೆಗೆದು ತಿಂದೆ. ಅಮ್ಮನದ್ದು ಇಡೀ ನಿನಗೇ ಹೋಗುವುದನ್ನು ನೋಡಲು ಆಗಲಿಲ್ಲ.