ನೀರು ಮುಟ್ಟದ ಹರಕೆ

೧೯೨೬ ಫೆಬ್ರುವರಿ ೧೦, ಬುಧವಾರ. ಬೆಳಗಾವಿ

ಇಡೀ ದಿನ ಪ್ರೂಫು. ಕಣ್ಣು ಉರಿಯುತ್ತಿವೆ. ಗುಡ್ಡದವ್ವನ ಮಹಾತ್ಮೆ ಹದಿನಾರನೇ ಪುಟದ ನಡುವೆಯೇ ಮುಗಿದುಹೋಯಿತು. ಕೆಳಗೆ ಅರ್ಧ ಪುಟ ಖಾಲಿ. ಪ್ರೆಸ್ಸಿನ ಮಾಲೀಕ ಕೃಷ್ಣಾಜಿಪಂತರಿಗೆ ಖಾಲಿ ಕಾಗದ ಕಂಡರೆ ಸಂಕಟ. "ಮಾರ್ತಾಂಡರಾವ, ಏನರ ಬರದು ತುಂಬ್ರಿ. ನಾಳಿ ಮಷೀನಿಗೆ ಹತ್ತಬೇಕು" ಎಂದರು.

ಖಾನಾಪುರದ ಆಚೆಯ ಆ ಗುಡ್ಡಕ್ಕೆ ಹೋಗಿ, ಪೂಜಾರಿ ಕಲ್ಲಯ್ಯನವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದವನು ನಾನೇ. ಘಟ್ಟ ಹತ್ತಿ ಬಾಯಾರಿ ಬಂದ ಅವ್ವ ಮನೆಮನೆಗೆ ಹೋಗಿ ನೀರು ಕೇಳಿದಳು. ಯಾರೂ ಕೊಡಲಿಲ್ಲ. ಗುಡ್ಡವೇರಿ ಕೂತಳು, ಕೂತಲ್ಲೇ ಒರತೆ ಒಡೆಯಿತು. ಏಳು ತಿರುವಿನ ದಾರಿ. "ತಿರುವಿಗೆ ಒಂದೊಂದು ಗರ್ವ ಇಳಸಬೇಕ್ರಿ," ಅಂದಿದ್ದರು ಕಲ್ಲಯ್ಯ, "ಬಾಯಾರಿದವರೊಳಗ ಅವ್ವನ್ನ ಕಾಣಬೇಕು. ಅಷ್ಟಽ ಇದರ ಅರ್ಥ."

ಅದೆಲ್ಲ ಅಚ್ಚಾಗಿದೆ. ಉಳಿದ ಜಾಗಕ್ಕೆ ನಾನೇ ಒಂದು ಹರಕೆ ಹೊಸೆದೆ. ಮಕ್ಕಳು ಉಳಿಯದ ತಾಯಂದಿರು ಐದು ಮಂಗಳವಾರ, ಬೆಳಗಿನಿಂದ ಹನಿ ನೀರು ಮುಟ್ಟದೆ ಗುಡ್ಡವೇರಿದರೆ ಅವ್ವ ಕೂಸನ್ನು ಉಳಿಸಿಕೊಡುತ್ತಾಳೆ — ಹದಿಮೂರು ಸಾಲು. ಸರಿಯಾಗಿ ಕೂತಿತು. ಪಂತರು ಚಹಾ ತರಿಸಿದರು.

ಮಾರ್ಚ್ ೨೮, ರವಿವಾರ

ಬಸುರಿ ಹೆಂಡತಿ ಕಾಂತಾಳನ್ನು ಖಾನಾಪುರದ ತವರಿಗೆ ಬಿಟ್ಟು ಬಂದೆ. ಏಳು ತಿಂಗಳು ತುಂಬಿವೆ. ಹಿಂದಿನ ಎರಡು ಕೂಸುಗಳೂ ಹನ್ನೆರಡು ದಿನ ದಾಟಲಿಲ್ಲ. ಇದೊಂದು ಉಳಿಯಬೇಕು. ಮನೆಯಲ್ಲಿ ಒಬ್ಬನೇ. ಅನ್ನ ಸೀದಿತು.

ಏಪ್ರಿಲ್ ೯, ಶುಕ್ರವಾರ

ಕಾಂತಾಳ ಪತ್ರ. ಅಕ್ಷರ ಕಲಿಸಿದವನು ನಾನೇ. ಬಾಜೂ ಮನೆಯಲ್ಲಿ ಮಹಾತ್ಮೆ ಪುಸ್ತಕ ಸಿಕ್ಕಿತಂತೆ. "ನೀವು ಬರೆದದ್ದೆಂದು ಎಲ್ಲರಿಗೂ ಹೇಳಿದೆ. ಮೊದಲನೇ ಮಂಗಳವಾರ ಆಯಿತು. ತಲೆ ಸುತ್ತಿತು, ಆದರೆ ನೀರು ಮುಟ್ಟಲಿಲ್ಲ. ಇನ್ನು ನಾಲ್ಕು."

ಕೂಡಲೇ ಉತ್ತರ ಬರೆದೆ — ಬಿಸಿಲು ಜೋರು, ಹತ್ತಬೇಡ. ಆ ಹರಕೆ ಸುಳ್ಳೆಂದು ಮಾತ್ರ ಬರೆಯಲಿಲ್ಲ. ಎರಡು ಸಲ ಬರೆದು ಹರಿದೆ. ಅತ್ತೆ ಓದಿಸಿಕೊಂಡರೆ? ಪಂತರಿಗೆ ತಿಳಿದರೆ? ಹೇಡಿ ನಾನು.

ಏಪ್ರಿಲ್ ೧೮, ರವಿವಾರ. ಖಾನಾಪುರ

ಎರಡನೇ ಮಂಗಳವಾರವೂ ಹೋಗಿದ್ದಾಳೆ. ಕಾಲು ಬಾತಿವೆ, ತುಟಿ ಒಡೆದಿದೆ. ಹಿತ್ತಲಿಗೆ ಕರೆದೊಯ್ದು ಎಲ್ಲ ಹೇಳಿದೆ. ಕೇಳಿ ನಕ್ಕಳು.

"ನನ್ನ ನಿಲ್ಲಸಾಕ ಹೀಂಗ ಹೇಳ್ತೀರಿ. ದೇವರ ಹೆಸರಿಲೆ ಸುಳ್ಳ ಬರಿಯೋ ಮನಶ್ಯಾ ಅಲ್ಲ ನೀವು."

ಅತ್ತೆ ಗಂಗೂಬಾಯಿಯೂ ಅವಳ ಕಡೆಗೇ. "ಅಚ್ಚಾಗಿ ಬಂದದ್ದು ಸುಳ್ಳ ಹ್ಯಾಂಗ ಆಗ್ತದ?"

ಗುಡ್ಡಕ್ಕೆ ಓಡಿ ಕಲ್ಲಯ್ಯನವರನ್ನೇ ಕರೆತಂದೆ. ಎಲ್ಲರೆದುರಿಗೆ ಕೇಳಿದೆ — ಈ ಹರಕೆಯ ಮಾತು ನೀವು ನನಗೆ ಹೇಳಿದ್ದಿರೇನು? ಮುದುಕ ಹೌದೆಂದು ತಲೆಯಾಡಿಸಿದರು.

"ಹೇಳೇನಲ್ಲರೀ. ನಮ್ಮ ಮುತ್ಯಾ ಹೇಳತಿದ್ದ. ನೀವಽ ಬರಕೊಂಡ್ರಿ."

ಕಪಟವಿಲ್ಲದ ಮುಖ. ಎರಡು ತಿಂಗಳಿಂದ ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ, ಅಜ್ಜನ ಬಾಯಿಂದ ಕೇಳಿದ ಹಾಗೇ ಅವರಿಗೆ ನೆನಪಾಗಿದೆ. ಏನೆಂದು ಜಗಳಾಡಲಿ?

ಅತ್ತುಬಿಟ್ಟೆ. ಕಾಂತಾ ಸೆರಗಿನಿಂದ ನನ್ನ ಮುಖ ಒರೆಸಿದಳು. "ಆತು, ಹೋಗೂದಿಲ್ಲ. ಅಳಬ್ಯಾಡ್ರಿ." ನಂಬಿದೆ. ನಾಳೆ ಮುಂಜಾನೆಯ ಗಾಡಿಗೆ ಬೆಳಗಾವಿ.

ಏಪ್ರಿಲ್ ೨೧, ಬುಧವಾರ

ತಾರು ಬಂದಿದೆ. ಕೂಡಲೇ ಬಾ — ಅಷ್ಟೇ.

ಮೇ ೧೪, ಶುಕ್ರವಾರ. ಬೆಳಗಾವಿ

ಬರೆಯಬೇಕು. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಆ ಮೂರನೇ ಮಂಗಳವಾರ ಕಾಂತಾ ತಾಯಿಗೂ ಹೇಳದೆ ಗುಡ್ಡಕ್ಕೆ ಹೋದಳು. ಐದನೇ ತಿರುವಿನಲ್ಲಿ ಕುಸಿದಳು. ಜೊತೆಗಿದ್ದ ರೇಣವ್ವ ಎಂಬಾಕೆ ಒರತೆಯ ನೀರು ತಂದು ತುಟಿಗೆ ಹಿಡಿದಳಂತೆ. ಕಾಂತಾ ಹಲ್ಲು ಕಚ್ಚಿ ಮುಖ ತಿರುಗಿಸಿದಳಂತೆ. ಅವಳೂ ಹೋದಳು, ಕೂಸೂ ಹೋಯಿತು. ಗಂಡೋ ಹೆಣ್ಣೋ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಕೊಂದೆ. ಬೇರೆ ಮಾತಿಲ್ಲ.

ಎರಡನೇ ಮುದ್ರಣ ನಡೆದಿದೆ. ಆ ಸಾಲುಗಳನ್ನು ತೆಗೆಯಿರಿ ಎಂದು ಪಂತರ ಕಾಲು ಹಿಡಿದೆ. ಅವರಿಗೂ ಕಣ್ಣಲ್ಲಿ ನೀರು. "ಮಂದಿ ಅದನ್ನಽ ಕೇಳ್ಕೋತ ಬರ್ತಾರ, ಮಾರ್ತಾಂಡರಾವ. ಹ್ಯಾಂಗ ತಗೀಲಿ?" ಎಂದರು. ಕೆಲಸ ಬಿಟ್ಟು ಬಂದೆ.

ಮೇ ೨೫, ಮಂಗಳವಾರ. ಖಾನಾಪುರ

ಬೆಳಗಿನಿಂದ ಗುಡ್ಡದ ಬುಡದಲ್ಲಿ ಕೊಡ ಇಟ್ಟುಕೊಂಡು ನಿಂತೆ. ಬಂದ ಹೆಂಗಸರಿಗೆಲ್ಲ ಹೇಳಿದೆ — ಆ ಹರಕೆ ಸುಳ್ಳು, ನಾನೇ ಬರೆದದ್ದು, ನನ್ನ ಹೆಂಡತಿ ಸತ್ತಳು, ನೀರು ಕುಡಿಯಿರಿ. ಯಾರೂ ಕುಡಿಯಲಿಲ್ಲ. ಮಚ್ಛೆಯಿಂದ ಬಂದ ಮುದುಕಿಯೊಬ್ಬಳು ಬಾಯಿಗೆ ಬಂದ ಹಾಗೆ ಬೈದಳು. ಬೈಯಲಿ. ಮುಂದಿನ ವಾರವೂ ನಿಲ್ಲುತ್ತೇನೆ.

ಜೂನ್ ೧, ಮಂಗಳವಾರ

ಇವತ್ತು ಯಾರೂ ಬೈಯಲಿಲ್ಲ. ಬಂದವರೆಲ್ಲ ನನಗೆ ಕೈ ಮುಗಿದರು. ಕೊಡದ ಬಳಿ ಹೂವಿಟ್ಟರು. ನೀರು ಮಾತ್ರ ಮುಟ್ಟಲಿಲ್ಲ. ಏಕೆಂದು ತಿಳಿಯಲಿಲ್ಲ. ಮಧ್ಯಾಹ್ನ ಕಲ್ಲಯ್ಯ ಇಳಿದು ಬಂದರು. ನನ್ನ ಮುಖ ನೋಡದೆಯೇ ಹೇಳಿದರು.

"ಮಂದಿ ಹೀಂಗ ಅನ್ನಾಕತ್ತಾರ್ರಿ... ಗುಡ್ಡದ ಬುಡಕ ಒಬ್ಬಾಂವ ತಂಪು ನೀರ ಹಿಡಕೊಂಡ ನಿಂತಿರ್ತಾನ, ಹರಕಿ ಸುಳ್ಳ ಅಂತಾನ, ಹೇಂತಿ ಸತ್ತಳಂತ ಅಳತಾನ. ಪರೀಕ್ಷಾ ಮಾಡಾಕ ಅವ್ವನಽ ಕಳಸಿರ್ತಾಳ. ಕೈ ಮುಗೀಬೇಕು, ಕುಡೀಬಾರದು."

ಅವರು ಹೋದ ಮೇಲೆ ಒಬ್ಬಳು ಬಂದಳು. ಎಂಟು ತಿಂಗಳಿರಬೇಕು. ತುಟಿ ಬೆಳ್ಳಗಾಗಿತ್ತು. ತಂಬಿಗೆ ತುಂಬಿ, ಕುಡಿಯವ್ವಾ, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. ಬಿದ್ದೇಬಿಟ್ಟೆ. ಅವಳು ಜೊತೆಯವಳನ್ನು ಮೆಲ್ಲಗೆ ಕೇಳಿದಳು: "ಇವರಽ ಏನು ಅವರು?"

ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋದಳು. ತಂಬಿಗೆ ಹಿಡಿದು ಹಿಂದೆ ಓಡಿದೆ. ನಾನು ಓಡಿದಷ್ಟೂ ಅವಳು ಹೊಟ್ಟೆ ಹಿಡಿದುಕೊಂಡು ಇನ್ನೂ ಜೋರಾಗಿ —