ಸಂಜೆಯತನಕ ಅಳಿಸಬಾರದು

ಔರಾದ,
೧೪ ಡಿಸೆಂಬರ್ ೨೦೨೪

ನೌಬಾದದ ಹಾಸ್ಟೆಲಿನಲ್ಲಿ ಕೂತು ಮಾಮಾನ ಬುದ್ಧಿ ಕೇಳುವ ಜಾಣೆ ಸಾನಿಕಾಗೆ ಹೊಟ್ಟೆತುಂಬ ಆಶೀರ್ವಾದ.

ಮಾತಿನ ಸ್ವಾತಂತ್ರ್ಯಕ್ಕೆ ಕಡಿವಾಣ ಬೇಕೋ ಬೇಡವೋ ಎಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ, ಏನು ಹೇಳಲಿ ಎಂದು ಕೇಳಿದ್ದೀಯ. ಸರಿಯಾದ ಮನುಷ್ಯನನ್ನೇ ಹಿಡಿದೆ! ನಾನು ಊರ ಸಾಲೆಯಲ್ಲಿ ಏಳನೆಯ ಇಯತ್ತೆ ಓದಿದವನು, ನಿಜ. ಆದರೆ ನನ್ನ ಕಿರಾಣಿ ಅಂಗಡಿಯ ಮುಂದಿನ ಕರಿಹಲಗೆಯ ಮೇಲಿರುವಷ್ಟು ಸ್ವಾತಂತ್ರ್ಯ ದಿಲ್ಲಿಯಲ್ಲೂ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಹೆಸರು ಹಾಕಬೇಕಿಲ್ಲ. ಬರೆದದ್ದನ್ನು ಸಂಜೆಯತನಕ ಯಾರೂ ಅಳಿಸುವಂತಿಲ್ಲ. ಕಾನೂನು ನನ್ನದೇ!

ಹೋದ ತಿಂಗಳು ಯಾರೋ ಬರೆದರು: ‘ಹನ್ನೊಂದು ದಿನದಿಂದ ನಳಕ್ಕೆ ನೀರಿಲ್ಲ, ಮೆಂಬರ್ ಮನಿ ಅಂಗಳ ಮಾತ್ರ ಹಸಿ ಅದ.’ ಪಂಚಾಯಿತಿ ಮೆಂಬರ್ ಶಿವರಾಜಪ್ಪ ಗಾಡಿ ನಿಲ್ಲಿಸಿ ಬಂದೇಬಿಟ್ಟ.

‘ಅಳಸ್ರಿ ಅದನ್ನ!’

‘ಸಂಜೀಗಿ ಬರ್ರಿ ಸಾಹೇಬ್ರ. ಅಷ್ಟರಾಗ ನೀರು ಬಿಟ್ರ, ಅದನ್ನೂ ಬರೀತೇನಿ’ ಎಂದೆ.

ಮಾರನೆಯ ದಿನ ನೀರು ಬಂತು! ಓಣಿಯ ಹೆಂಗಸರೆಲ್ಲ ನನ್ನನ್ನು ವಕೀಲಸಾಬ್ ಎಂದು ಕರೆದರು. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿತು, ಸುಳ್ಳಲ್ಲ.

ಇನ್ನು ಎರಡನೆಯ ಸಂಗತಿ ಕೇಳು. ಕಳೆದ ಗುರುವಾರ ಬೆಳಿಗ್ಗೆ ಹಲಗೆಯ ಮೇಲೆ ಹೀಗಿತ್ತು: ‘ಖುರ್ಷಿದ ಬೇಗಂ ಅವರ ಎಮ್ಮಿ ಯೂರಿಯಾ ತಿಂತದ, ಅದಕ್ಕ ಹಾಲಿಗಿ ಇಷ್ಟು ನೊರಿ.’ ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಯಾರೋ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರು. ಹತ್ತು ಗಂಟೆಗೆ ಅದು ಭಾಲ್ಕಿ ಮುಟ್ಟಿತು. ಅಕ್ಷರಗಳಷ್ಟೇ ಅಲ್ಲಿಗೆ ಹೋದವು, ತಮಾಷೆಯ ನಗು ಇಲ್ಲೇ ಉಳಿಯಿತು. ದಿನಾ ಬೇಗಂ ಅವರ ಹಾಲು ಕೊಳ್ಳುತ್ತಿದ್ದ ಅಲ್ಲಿಯ ಹೋಟೆಲಿನವ ಎರಡೂ ಕ್ಯಾನು ಹಾಗೇ ವಾಪಸು ಕಳಿಸಿದ.

ಬೇಗಂ ಬಂದು ಹಲಗೆಯ ಮುಂದೆ ನಿಂತರು. ಅವರಿಗೆ ಉರ್ದು ಬರುತ್ತದೆ, ಕನ್ನಡ ಓದಲು ಬಾರದು.

‘ಭಾಯಿ, ಏನ್ ಬರದಾರ, ನೀವೇ ಓದ್ರಿ.’

ಓದಿದೆ. ಸಾನಿಕಾ, ಅಷ್ಟು ಚಿಕ್ಕ ಸಾಲು ಅಷ್ಟು ಉದ್ದವಾಗಬಹುದೆಂದು ನನಗೆ ಗೊತ್ತಿರಲಿಲ್ಲ.

‘ಅಳಸ್ರಿ’ ಎಂದರು.

‘ಸಂಜೀತನಕ ಕಾನೂನು ಅದ, ಆಪಾ.’

‘ಸಂಜೀತನಕ ನನ್ನ ಹಾಲು ಉಳೀತಾವೇನ್ರಿ?’

ಅಂಗೈಯಿಂದಲೇ ಒರೆಸಿಬಿಟ್ಟೆ! ಗುಂಪಿನಲ್ಲಿದ್ದ ಶಿವರಾಜಪ್ಪ ಇದಕ್ಕೇ ಕಾಯುತ್ತಿದ್ದ: ‘ವಾ ವಕೀಲಸಾಬ್! ನನಗೊಂದು ಕಾನೂನು, ಇವರಿಗೊಂದು?’

‘ನೀರಿನ ಮಾತು ನಳ ತಿರುವಿ ನೋಡೇ ಬರದಿದ್ರು. ಈ ಹಾಲು ಯಾರು ತಪಾಸ ಮಾಡ್ಯಾರ? ನೀವು ಕುರ್ಚಿ ಮ್ಯಾಲ ಇದ್ದೀರಿ, ಬೈಸ್ಕೊಳ್ರಿ. ಅವರು ಕೊಟ್ಟಿಗ್ಯಾಗ ಇದ್ದಾರ.’

ಜನ ಚಪ್ಪಾಳೆ ಹೊಡೆದರು. ಇದನ್ನೇ ವೇದಿಕೆಯಲ್ಲಿ ಹೇಳು, ಬಹುಮಾನ ನಿನ್ನದೇ! ಹೊಸ ಕಾನೂನನ್ನೂ ಸೇರಿಸು: ಬರೆದವನು ಕೆಳಗೆ ಹೆಸರು ಹಾಕಬೇಕು. ಒಬ್ಬರ ಅನ್ನಕ್ಕೆ ಕೈ ಹಾಕುವ ಮಾತಿದ್ದರೆ ಮೊದಲು ಅವರ ಮುಖದೆದುರು ಹೇಳಿ ಬರಬೇಕು.

ಮರುದಿನ ನಾನೇ ಕ್ಯಾನು ಹೊತ್ತು ಬಸ್ಸು ಹತ್ತಿ ಭಾಲ್ಕಿಗೆ ಹೋದೆ. ಹೋಟೆಲಿನವನ ಮುಂದೆ ಎರಡು ಗ್ಲಾಸು ಹಸಿ ಹಾಲು ಕುಡಿದೆ. ಅವನು ಮಾತ್ರ ‘ಸುಳ್ಳಾದ್ರ ಯಾರರ ಯಾಕ ಬರೀತಾರ್ರಿ?’ ಎಂದ. ಇನ್ನೂ ಹಾಲು ತೆಗೆದುಕೊಳ್ಳುತ್ತಿಲ್ಲ.

ಚೆನ್ನಾಗಿ ಮಾತಾಡು. ಹೆದರಬೇಡ.

ನಿನ್ನ ಪ್ರೀತಿಯ
ಭಾಲಚಂದ್ರ ಮಾಮಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಯೂರಿಯಾದ ಸಾಲು ಬರೆದವನು ನಾನೇ. ಬೆಳಿಗ್ಗೆ ಗಿರಾಕಿಗಳನ್ನು ನಗಿಸೋಣವೆಂದು ಅಕ್ಷರದ ಗುರುತು ಸಿಗದಂತೆ ಎಡಗೈಯಲ್ಲಿ ಬರೆದಿದ್ದೆ. ಯಾರು ಬರೆದರೆಂದು ಬೇಗಂ ಕೇಳಿದಾಗ ಗೊತ್ತಿಲ್ಲ ಎಂದೆ. ನಾಳೆ ಮೊದಲು ಅವರ ಕೊಟ್ಟಿಗೆಗೆ, ಆಮೇಲೆ ಅವರು ಒಪ್ಪಿದರೆ ಅವರ ಜೊತೆಯಲ್ಲೇ ಭಾಲ್ಕಿಗೆ ಹೋಗುತ್ತೇನೆ. ವೇದಿಕೆಯಲ್ಲಿ ಈ ಕಥೆ ಹೇಳುವಾಗ ಬರೆದವನೆಂದೂ ಒರೆಸಿದವನೆಂದೂ ನನ್ನ ಹೆಸರು ಎರಡೂ ಕಡೆ ಹಾಕು.